ಗಾಜಿನ ಮೇಲೆ ನನ್ನ ತೊಡೆ

ಹಿಸ್ಟೊಪೆಥಾಲಜಿ ಲ್ಯಾಬಿಗೆ ಹೊಸತಾಗಿ ಸೇರುವ ಮಕ್ಕಳಿಗೆ ನನ್ನ ಮೊದಲ ಮಾತು: ನೆಲ ನೋಡಿ ನಡೆಯಿರಿ. ಮೈಕ್ರೋಸ್ಕೋಪು, ಬಣ್ಣ, ಬ್ಲೇಡು ಎಲ್ಲ ಆಮೇಲೆ.

ನಮ್ಮದು ಎಂತ ಕೆಲಸ ಎಂದು ನನ್ನ ಮನೆಯವರಿಗೇ ಕೊನೆವರೆಗೂ ಸರಿಯಾಗಿ ಅರ್ಥ ಆಗಲಿಲ್ಲ. ಆಪರೇಷನ್ ಥಿಯೇಟರಿನಿಂದ ಬರುವ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದ ಅಚ್ಚಿನೊಳಗೆ ಹುದುಗಿಸಿ, ಈರುಳ್ಳಿಯ ಒಳಸಿಪ್ಪೆಗಿಂತಲೂ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಕುಡಿಸಿ ಡಾಕ್ಟರ ಮುಂದಿಡುವುದು. ಇಷ್ಟೇ. ಕೊಯ್ಯುವಾಗ ಉದುರಿದ ಮೇಣ ನೆಲಕ್ಕೆ ಬೀಳುತ್ತದೆ. ಎಲ್ಲರ ಚಪ್ಪಲಿಯಡಿ ತಿಕ್ಕಿ ತಿಕ್ಕಿ ನೆಲ ಕನ್ನಡಿಯಾಗುತ್ತದೆ. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಥ ನೆಲದ ಮೇಲೆ ನಾನು ಪ್ರಾಯ ಕಳೆದೆ. ಜಾರಿ ಬೀಳುತ್ತೇನೆ ಎಂದು ಸೇರಿದ ದಿನವೇ ಹೆದರಿದ್ದೆ. ಐವತ್ತರ ಹತ್ತಿರ ಬಂದಾಗ ಬಿದ್ದೆ. ನೋವಿನ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತೆಂದರೆ ನೀವು ನಂಬಲಿಕ್ಕಿಲ್ಲ. ಇನ್ನು ಆ ಒಂದು ವಿಷಯಕ್ಕೆ ಹೆದರಬೇಕಾಗಿಲ್ಲವಲ್ಲ.

ಆ ಮೊಣಕಾಲಿನ ದೆಸೆಯಿಂದಲೇ ಅವಧಿಗೆ ಮೊದಲು ನಿವೃತ್ತಿ ತೆಗೆದುಕೊಂಡವ ನಾನು. ಹಾಗಾಗಿ ಹಿರಿಯರ ಅನುಭವ ಬರೆದು ಕೊಡಿ ಎಂದು ಕಾಲೇಜಿನ ಮಕ್ಕಳು ಕೇಳಿದಾಗ ಸಂಕೋಚವಾಯಿತು. ಹಿರಿಯ ಎನ್ನಿಸಿಕೊಳ್ಳುವಷ್ಟು ಕೂದಲು ನೆರೆತಿಲ್ಲ, ಉದುರಿದೆ ಅಷ್ಟೆ. ಬಡ್ತಿ, ಪ್ರಮಾಣಪತ್ರಗಳ ಬಗ್ಗೆ ಬರೆದರೆ ಅರ್ಧ ಪುಟವೂ ತುಂಬುವುದಿಲ್ಲ. ಸ್ನಾಯುವಿನ ಬಗ್ಗೆ ಬರೆಯುತ್ತೇನೆ. ಇಷ್ಟು ವರ್ಷ ಲಿವರು, ಕಿಡ್ನಿ, ಗರ್ಭಕೋಶ, ಅಪೆಂಡಿಕ್ಸು ಎಲ್ಲ ಕೊಯ್ದಿದ್ದೇನೆ. ಬಾಯಿ ಬಿಟ್ಟು ನೋಡುವ ಹಾಗೆ ಮಾಡಿದ್ದು ಮಾತ್ರ ಸ್ನಾಯು.

ನಾನು ಸೇರಿದಾಗ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಸ್ವರ ದೊಡ್ಡದು, ಆಳು ಸಣ್ಣವರು. ಮೊದಲ ಬಾರಿಗೆ ಸ್ನಾಯುವಿನ ಚೂರು ನನ್ನ ಕೈಗೆ ಬಂದಾಗ, ತಡವಾದರೆ ಕೆಟ್ಟೀತು ಎಂದು ಹೆದರಿ ಸೀದಾ ಫಾರ್ಮಲಿನ್‌ಗೆ ಹಾಕಿದೆ. ಬೇರೆ ಅಂಗಗಳಿಗೆ ಅದೇ ಸರಿ. ಸ್ನಾಯುವಿಗಲ್ಲ. ದೇಹದಿಂದ ಹೊರಬಂದ ಮೇಲೂ ತಾನು ಸ್ನಾಯು ಎಂಬ ನೆನಪು ಅದಕ್ಕೆ ಸ್ವಲ್ಪ ಹೊತ್ತು ಇರುತ್ತದೆ. ಔಷಧ ತಾಗಿದ ಕೂಡಲೇ ಸೆಟೆದು, ಸುರುಟಿ, ಮುರುಟಿಕೊಳ್ಳುತ್ತದೆ. ಮರುದಿನ ದೊಡ್ಡ ಡಾಕ್ಟರು ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ಇದೆಂತ ಮಾರಾಯ, ಒಣ ಸಿಗಡಿಯಾ? ಚಟ್ನಿ ಮಾಡ್ಲಿಕ್ಕುಂಟಾ?" ಎಂದರು.

ಹೆಚ್ಚು ಬೈಯಲಿಲ್ಲ. ಮುಂದಿನ ಚೂರು ಬಂದಾಗ ಹತ್ತಿರ ಕರೆದು ತೋರಿಸಿದರು. ದಪ್ಪ ಕಾಗದದ ಮೇಲೆ ನಾರು ನೇರ ಇರುವ ಹಾಗೆ ಮಲಗಿಸಬೇಕು. ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಅದರ ಗಾಬರಿ ಇಳಿದ ಮೇಲೆ ಔಷಧ. ಈ ಪಾಠ ನನಗೆ ಸ್ನಾಯುವಿಗಿಂತ ಹೆಚ್ಚಾಗಿ ಮನುಷ್ಯರ ಜೊತೆ ಉಪಯೋಗಕ್ಕೆ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಆಗಿನ ಕಾಲದಲ್ಲಿ ಕೊಯ್ದ ಪದರ ಗಾಜಿಗೆ ಅಂಟಿಕೊಳ್ಳಲು ಕೋಳಿಮೊಟ್ಟೆಯ ಬಿಳಿಲೋಳೆ ಸವರುತ್ತಿದ್ದೆವು. ಮೊಟ್ಟೆ ಒಡೆದು, ಬಿಳಿಯದಕ್ಕೆ ಗ್ಲಿಸರಿನ್ ಬೆರೆಸಿ, ಸೋಸಿ ಬಾಟಲಿಯಲ್ಲಿಡುವುದು ನನ್ನ ಕೆಲಸ. ಹಳದಿ ಕ್ಯಾಂಟೀನಿಗೆ ಹೋಗುತ್ತಿತ್ತು. ಮೊಟ್ಟೆಯ ದಿನ ಕ್ಯಾಂಟೀನಿನ ಆಮ್ಲೆಟಿಗೆ ಬಣ್ಣ ಯಾಕೆ ಜಾಸ್ತಿ ಎಂದು ಗೊತ್ತಿದ್ದದ್ದು ನನಗೂ ನನ್ನ ಜೊತೆ ಕೆಲಸ ಮಾಡುತ್ತಿದ್ದ ಐರಿನ್ ಬಾಯಿಗೂ ಮಾತ್ರ. ಆಮೇಲೆ ತಾವಾಗಿಯೇ ಪದರ ಹಿಡಿದುಕೊಳ್ಳುವ ಸ್ಲೈಡುಗಳು ಪೇಟೆಗೆ ಬಂದವು. ಲ್ಯಾಬಿನವರೆಲ್ಲ ಬದಲಾದರು. ನಾನು ಮೊಟ್ಟೆಯ ಬಾಟಲಿಯನ್ನು ಫ್ರಿಜ್ಜಿನ ಹಿಂದೆ ಅಡಗಿಸಿಟ್ಟುಕೊಂಡೆ. ಹೊಸ ಸ್ಲೈಡು ಕೈಕೊಟ್ಟರೆ ಎಂಬ ಹೆದರಿಕೆ.

ಇನ್ನು ಬಿದ್ದ ಕಥೆ. ಒಂದು ಮಧ್ಯಾಹ್ನ ಟ್ರೇ ಹಿಡಿದು ತಿರುಗಿದೆ, ಪಾದ ಮುಂದೆ ಹೋಯಿತು, ಮೊಣಕಾಲು ಅಲ್ಲೇ ಉಳಿಯಿತು. ಒಳಗೆ ಏನೋ ಟಪ್ಪೆಂದಿತು. ಟ್ರೇ ಬೀಳಲಿಲ್ಲ, ಅದನ್ನು ಐರಿನ್ ಬಾಯಿ ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ. ಮೊಣಕಾಲಿನ ಒಳಗಿನ ಲಿಗಮೆಂಟು ಹರಿದಿತ್ತು. ಆಟಗಾರರಿಗೆ ಆಗುವಂಥದ್ದು ಎಂದು ಮೂಳೆ ಡಾಕ್ಟರು ಹೇಳಿದಾಗ ಸ್ವಲ್ಪ ಹೆಮ್ಮೆಯೂ ಆಯಿತು. ಯಾವ ಆಟ ಆಡುತ್ತಿದ್ದಿರಿ ಎಂದು ಕೇಳಿದರು. ಮೇಣ ಎಂದೆ.

ಅದಕ್ಕೆ ಮಾಡುವ ಆಪರೇಷನ್ನಿನಲ್ಲಿ ತೊಡೆಯ ಹಿಂಭಾಗದಿಂದ ಒಂದು ಸ್ನಾಯುವಿನ ದಾರದಂಥ ತುದಿಯನ್ನು ಎಳೆದು ತೆಗೆದು, ಹರಿದ ಲಿಗಮೆಂಟಿನ ಜಾಗಕ್ಕೆ ಕಟ್ಟುತ್ತಾರೆ. ಆ ದಾರಕ್ಕೆ ಅಂಟಿಕೊಂಡು ಬಂದ ಮಾಂಸವನ್ನು ಹೆರೆದು ಎಸೆಯುತ್ತಾರೆ. ನಮ್ಮ ವಿಭಾಗದಲ್ಲಿ ಎಂ.ಡಿ. ಓದುತ್ತಿದ್ದ ಉಳ್ಳಾಲದ ಹುಡುಗಿ ಡಾಕ್ಟರ್ ಆಫ್ರೀನ್‌ರ ಕಣ್ಣು ಬಿದ್ದದ್ದು ಈ ಎಸೆಯುವ ಮಾಂಸದ ಮೇಲೆ. ಗಂಡಸರ ಸ್ನಾಯುವಿನಲ್ಲಿಯೂ ಹೆಂಗಸರ ಸ್ನಾಯುವಿನಲ್ಲಿಯೂ ಹಾರ್ಮೋನಿನ ಗ್ರಾಹಿಗಳು, ಅಂದರೆ ರಿಸೆಪ್ಟರುಗಳು, ಹೇಗಿರುತ್ತವೆ, ಎಲ್ಲಿರುತ್ತವೆ, ವ್ಯತ್ಯಾಸ ಉಂಟೋ ಇಲ್ಲವೋ ಎಂದು ನೋಡುವುದು ಅವರ ಪ್ರಬಂಧದ ವಿಷಯ. ನನ್ನ ಮಂಚದ ಹತ್ತಿರ ಬಂದು, ನಿಮ್ಮ ಚೂರು ಕೊಡ್ತೀರಾ ಸರ್ ಎಂದು ಕೇಳಿದರು. ಒಪ್ಪಿಗೆಯ ಹಾಳೆಯನ್ನು ನಾನು ಮತ್ತೆ ಮತ್ತೆ ಓದಿದೆ. ಬೇರೆಯವರ ಚೂರುಗಳನ್ನು ಇಷ್ಟು ವರ್ಷ ಕೊಯ್ದವ, ನನ್ನದು ಎಂದಾಗ ಎಲ್ಲಿ ಸಹಿ ಎಂದು ಕೇಳಿ ಕೇಳಿ ಹಾಕಿದೆ.

ಆಮೇಲೆ ತಿಳಿದದ್ದು, ನನ್ನ ಪ್ರಾಯ ಅವರ ಅಧ್ಯಯನಕ್ಕೆ ಜಾಸ್ತಿಯಂತೆ. ಬೇಕಾದದ್ದು ಹರೆಯದವರದ್ದು. ಹಾಗಾಗಿ ನನ್ನ ತೊಡೆ ಲೆಕ್ಕಕ್ಕೆ ಸೇರಲಿಲ್ಲ. ಔಷಧ ಎಷ್ಟು ತೆಳು ಮಾಡಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಕೈ ಕೂರಿಸಿಕೊಳ್ಳಲು ಒಂದು ಅಭ್ಯಾಸದ ಚೂರು ಬೇಕಿತ್ತು, ಅದಾಯಿತು. ಕುಂಟುತ್ತಾ ಕೆಲಸಕ್ಕೆ ವಾಪಸಾದ ನನಗೆ ಸಿಕ್ಕಿದ ಮೊದಲ ಕೆಲಸ ನನ್ನನ್ನೇ ಕೊಯ್ಯುವುದು.

ಈ ಪರೀಕ್ಷೆಯ ವಿಧಾನವನ್ನು ಸ್ವಲ್ಪ ಹೇಳಬೇಕು. ಕೊಯ್ದ ಪದರವನ್ನು ಮೊದಲು ಪ್ರೆಶರ್ ಕುಕ್ಕರಿನಲ್ಲಿ ಬೇಯಿಸುತ್ತಿದ್ದೆವು. ತಮಾಷೆಯಲ್ಲ, ಹಂಪನಕಟ್ಟೆಯ ಪಾತ್ರೆ ಅಂಗಡಿಯಿಂದ ತಂದ ಅನ್ನದ ಕುಕ್ಕರೇ. ಫಾರ್ಮಲಿನ್ ಮುಚ್ಚಿಹಾಕಿದ್ದನ್ನು ಬಿಸಿ ಬಿಡಿಸುತ್ತದೆ. ಆಮೇಲೆ ರಿಸೆಪ್ಟರನ್ನು ಮಾತ್ರ ಹುಡುಕಿ ಹಿಡಿಯುವ ಆಂಟಿಬಾಡಿಯ ಹನಿ, ಕೊನೆಗೆ ಬಣ್ಣ. ರಿಸೆಪ್ಟರ್ ಇದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ.

ನನ್ನ ಸ್ವಂತ ತೊಡೆಯಲ್ಲವಾ, ಅಪಾಯ ಬೇಡ ಎಂದು ಹೊಸ ಸ್ಲೈಡನ್ನು ನಂಬದೆ ಫ್ರಿಜ್ಜಿನ ಹಿಂದಿನ ಮೊಟ್ಟೆಯ ಬಾಟಲಿ ತೆಗೆದು ಹಳೆಯ ಗಾಜಿಗೆ ಸವರಿದೆ. ಕುಕ್ಕರ್ ಕೂಗಿತು. ಮುಚ್ಚಳ ತೆಗೆದರೆ ಗಾಜು ಖಾಲಿ. ಕೊಯ್ದ ಪದರಗಳೆಲ್ಲ ಹಾಲಿನ ಕೆನೆಯ ಹಾಗೆ ನೀರಿನ ಮೇಲೆ ತೇಲುತ್ತಿದ್ದವು. ಐರಿನ್ ಬಾಯಿ ಬಗ್ಗಿ ನೋಡಿ, "ಶೇಖರಣ್ಣ, ನೀವು ಬೆಂದಿದ್ದೀರಿ, ಉಪ್ಪು ಹಾಕಿದ್ರೆ ಸಾಕು" ಎಂದರು. ಮೇಣದ ಬ್ಲಾಕಿನಲ್ಲಿ ಇನ್ನೂ ಮಾಂಸ ಇತ್ತು, ಆದ್ದರಿಂದ ಪೂರ್ತಿ ಹೋಗಲಿಲ್ಲ. ಮೊಟ್ಟೆಯ ಬಾಟಲಿಯನ್ನು ಅವರೇ ಸಿಂಕಿಗೆ ಸುರಿದರು. ನನ್ನ ಎದುರಿಗೇ.

ಎರಡನೆಯ ಬಾರಿ ಹೊಸ ಸ್ಲೈಡು. ಕೊನೆಯ ಬಣ್ಣದ ಹನಿ ಹಾಕುವಾಗ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೇ ಇಟ್ಟು ನೋಡುತ್ತಿದ್ದೆ, ಬಣ್ಣ ಜಾಸ್ತಿಯಾದರೆ ನಿಲ್ಲಿಸಬೇಕಲ್ಲ. ಅಡ್ಡ ಕೊಯ್ದ ಸ್ನಾಯು ನೋಡಿದ್ದೀರಾ? ಒಂದಕ್ಕೊಂದು ಒತ್ತಿಕೊಂಡು ಕೂತ ಮೂಲೆ ಮೂಲೆಯ ಕೋಣೆಗಳು. ಬೇರೆ ಜೀವಕೋಶಕ್ಕೆಲ್ಲ ನಡುವೆ ಒಂದೇ ನ್ಯೂಕ್ಲಿಯಸ್ ಇರುತ್ತದೆ, ಮನೆಗೊಬ್ಬ ಯಜಮಾನ ಇದ್ದ ಹಾಗೆ. ಸ್ನಾಯುವಿನ ಒಂದು ನಾರಿಗೆ ನೂರಾರು, ಎಲ್ಲ ಗೋಡೆಯ ಬದಿಗೆ ಸರಿದು ಕೂತಿರುತ್ತವೆ, ನಡುಮನೆಯನ್ನು ಕೆಲಸಕ್ಕೆ ಬಿಟ್ಟು. ಆ ಗೋಡೆ ಬದಿಯಲ್ಲಿ ಮೊದಲು ಒಂದು ಚುಕ್ಕೆ ಕಂದಾಯಿತು. ಆಮೇಲೆ ಆಚೆ ಇನ್ನೊಂದು. ಸಂಜೆ ಸೇತುವೆಯ ಮೇಲಿನಿಂದ ನೋಡಿದರೆ ಹೊಳೆಯಾಚೆ ಒಂದೊಂದೇ ಮನೆಯಲ್ಲಿ ದೀಪ ಹತ್ತುತ್ತದಲ್ಲ, ಹಾಗೆ. ಯಾವುದು ಮುಂದೆ ಎಂದು ಹೇಳಲಿಕ್ಕಾಗುವುದಿಲ್ಲ.

ಬಾಟಲಿ ನೋಡಿದೆ. ಈಸ್ಟ್ರೋಜನ್ ರಿಸೆಪ್ಟರಿನದ್ದು. ಹೆಂಗಸರ ಹಾರ್ಮೋನ್ ಎಂದು ನಾನು ಶಾಲೆಯಲ್ಲಿ ಕಲಿತದ್ದು. ಚೂರು ನನ್ನ ತೊಡೆಯದ್ದು.

ನನಗೆ ಬಂದ ಮೊದಲ ಯೋಚನೆ ಚೂರು ಅದಲು ಬದಲಾಗಿದೆ ಎಂದು. ಎರಡನೆಯದು ನನಗೆ ಏನೋ ಕಾಯಿಲೆ ಎಂದು. ಡಾಕ್ಟರ್ ಆಫ್ರೀನ್ ನಕ್ಕು ಕೂರಿಸಿ ಹೇಳಿದರು. ಈಸ್ಟ್ರೋಜನ್, ಗಂಡಸರದ್ದೆನ್ನುವ ಟೆಸ್ಟೋಸ್ಟೆರಾನ್, ಎರಡೂ ಹಾರ್ಮೋನು ಎಲ್ಲರ ರಕ್ತದಲ್ಲೂ ಉಂಟು, ಪ್ರಮಾಣ ಬೇರೆ. ಎರಡಕ್ಕೂ ರಿಸೆಪ್ಟರ್ ಎಲ್ಲರ ಸ್ನಾಯುವಿನಲ್ಲೂ ಉಂಟು. ಅಷ್ಟೇ ಅಲ್ಲ, ದೇಹ ಟೆಸ್ಟೋಸ್ಟೆರಾನನ್ನೇ ಸ್ವಲ್ಪ ತಿದ್ದಿ ಈಸ್ಟ್ರೋಜನ್ ಮಾಡುತ್ತದೆ. ಒಂದರಿಂದಲೇ ಇನ್ನೊಂದು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನಿಂತವರನ್ನೂ ಕೂತವರನ್ನೂ ನೋಡುತ್ತಾ ಹೋದೆ. ಕಂಬಿ ಹಿಡಿದ ಕೈಗಳಲ್ಲಿ, ಬ್ರೇಕ್ ತುಳಿದಾಗ ಬಿಗಿಯುವ ಕಾಲುಗಳಲ್ಲಿ ಎಲ್ಲ ಕಡೆ ಈ ಚುಕ್ಕೆಗಳು. ಯಾರಿಗೂ ಗೊತ್ತಿಲ್ಲ. ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಟಿಕೆಟು ತೆಗೆದೆ.

ಆಮೇಲೆ ನಿಜವಾದ ಚೂರುಗಳು ಬರಲಾರಂಭಿಸಿದವು. ಕಬಡ್ಡಿ ಆಡಿ ಬಿದ್ದವರು, ಬೈಕಿನಿಂದ ಬಿದ್ದವರು, ಹೆಚ್ಚಿನವರು ಗಂಡುಮಕ್ಕಳು. ಹೆಂಗಸರ ಚೂರು ಅಪರೂಪ. ಡಾಕ್ಟರ್ ಆಫ್ರೀನ್ ಒಂದು ಕಟ್ಟುನಿಟ್ಟು ಮಾಡಿದ್ದರು. ಚೂರಿನ ಮೇಲೆ ಸಂಖ್ಯೆ ಮಾತ್ರ, ಗಂಡೋ ಹೆಣ್ಣೋ ನಮಗೆ ಗೊತ್ತಾಗಬಾರದು. ಮನಸ್ಸಿನಲ್ಲಿ ಮೊದಲೇ ಒಂದು ಉತ್ತರ ಇದ್ದರೆ ಕಣ್ಣು ಅದನ್ನೇ ನೋಡುತ್ತದಂತೆ.

ಗೊತ್ತಾಗಬಾರದು ಎಂದ ಕೂಡಲೇ ನನಗೂ ಐರಿನ್ ಬಾಯಿಗೂ ಗೊತ್ತಾಗಬೇಕು ಎನಿಸಿತು. ಬೆಟ್ ಕಟ್ಟಿದೆವು. ಸ್ಲೈಡು ನೋಡಿ ಗಂಡೋ ಹೆಣ್ಣೋ ಇಬ್ಬರೂ ಹೇಳುವುದು, ಒಂದು ಗುಂಪು ಮುಗಿದು ಡಾಕ್ಟರು ಗುಟ್ಟು ಬಿಟ್ಟ ಮೇಲೆ ಸೋತವರು ಗೋಳಿಬಜೆ ತರಿಸುವುದು. ಇಷ್ಟು ವರ್ಷದ ಕಣ್ಣು ನನ್ನದು, ಗೆದ್ದೇ ಗೆಲ್ಲುತ್ತೇನೆ ಎಂದುಕೊಂಡಿದ್ದೆ. ಅರ್ಧ ವಿಭಾಗ ನನ್ನ ಗೋಳಿಬಜೆ ತಿಂದಿತು. ಐರಿನ್ ಬಾಯಿ ಪ್ರತಿ ಗುಂಪಿಗೂ ಮೊದಲು ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೊಂಬತ್ತಿ ಹಚ್ಚುತ್ತಿದ್ದರು. ಅದು ಬಣ್ಣ ಸರಿ ಬರಲಿ ಎಂದು, ಬೆಟ್ಟಿಗಲ್ಲ ಎನ್ನುತ್ತಿದ್ದರು. ಅವರೂ ನನ್ನಷ್ಟೇ ಸೋತರು, ಹಾಗಾಗಿ ನಂಬುತ್ತೇನೆ.

ವ್ಯತ್ಯಾಸ ಇಲ್ಲವೇ ಎಂದು ನಾನು ಕೇಳಿದೆ. ಡಾಕ್ಟರ್ ಆಫ್ರೀನ್ ತಡೆದು ತಡೆದು ಉತ್ತರಿಸಿದರು. ಗಂಡಸರನ್ನೆಲ್ಲ ಒಟ್ಟು ಸೇರಿಸಿ, ಹೆಂಗಸರನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ ಕೆಲವು ಕಡೆ ಏನೋ ಹೆಚ್ಚುಕಮ್ಮಿ ಕಾಣುತ್ತದೆ, ಆದರೆ ನಮ್ಮ ನಾಲ್ಕು ಚೂರಿನಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ. "ಅದು ಗುಂಪಿನ ವಿಷಯ ಸರ್. ಒಂದು ಸ್ಲೈಡು ಹಿಡ್ಕೊಂಡು ಇವರು ಯಾರು ಅಂತ ಕೇಳಿದ್ರೆ ಅದು ಬಾಯಿ ಬಿಡುವುದಿಲ್ಲ." ಈ ಮಾತನ್ನು ಬರೆದಿಟ್ಟುಕೊಳ್ಳಿ, ಮಕ್ಕಳೇ.

ಒಂದು ದಿನ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಜಲಜಕ್ಕ ನಿಂತಿದ್ದರು. ಮಣ್ಣಗುಡ್ಡದ ನಮ್ಮ ಗಲ್ಲಿಗೆ ದಿನಾ ಮೀನು ತರುವವರು. ಅವರನ್ನು ತಲೆಯ ಮೇಲೆ ಬುಟ್ಟಿ ಇಲ್ಲದೆ ನಾನು ನೋಡಿದ್ದೇ ಅಲ್ಲಿ, ಹಾಗಾಗಿ ಒಂದು ಕ್ಷಣ ಗುರುತು ಸಿಗಲಿಲ್ಲ. ಬುಟ್ಟಿಯನ್ನು ಸೆಕ್ಯುರಿಟಿಯವ ಗೇಟಿನಲ್ಲೇ ಇಡಿಸಿದ್ದನಂತೆ. ನನ್ನನ್ನು ಕಂಡು ಅವರ ಮುಖ ಸ್ವಲ್ಪ ಸಡಿಲವಾಯಿತು.

"ಅಣ್ಣೆರೆ, ನೀವು ಇಲ್ಲಿಯಾ? ಒಳ್ಳೆದಾಯ್ತು. ನನ್ನ ಮಗಳ ಮಾಂಸ ಇಲ್ಲಿ ಉಂಟಂತೆ. ಅದು ವಾಪಸ್ ಬೇಕು."

ಅವರ ಮಗಳು ರಕ್ಷಿತಾ ಪವರ್‌ಲಿಫ್ಟರ್. ಬಾರ್ ಹೆಗಲಿಗೇರಿಸಿ ಕೂತು ಏಳುವಾಗ ಮೊಣಕಾಲು ತಿರುಚಿ, ನನಗಾದ ಆಪರೇಷನ್ನೇ ಅವಳಿಗೂ ಆಗಿತ್ತು. ಹೆಂಗಸರ ಚೂರು ಸಿಕ್ಕಿತು ಎಂದು ಡಾಕ್ಟರ್ ಆಫ್ರೀನ್ ಅವತ್ತು, ಸಂಖ್ಯೆ ಮಾತ್ರ ಹೇಳದೆ, ಕುಣಿದಾಡಿದ್ದರು. ಆದರೆ ಆಪರೇಷನ್ನಿಗೆ ಮೊದಲು ಒಪ್ಪಿಗೆ ಕೇಳುವಾಗ ಅವರು ಸರಳವಾಗಿ ಹೇಳಬೇಕೆಂದು, ಸ್ನಾಯುವಿನಲ್ಲಿ ಗಂಡಸರ ಹಾರ್ಮೋನಿನ ರಿಸೆಪ್ಟರ್ ಉಂಟಾ ಎಂದೂ ನೋಡ್ತೇವೆ ಎಂದಿದ್ದರು. ರಕ್ಷಿತಾ ಸಹಿ ಹಾಕಿದ್ದಳು. ಹಾಕಿದ ಮೇಲೆ ಆ ಮಾತು ಅಮ್ಮ ಮಗಳಿಬ್ಬರ ತಲೆಯಲ್ಲೂ ಕೂತುಬಿಟ್ಟಿತ್ತು.

ಜಲಜಕ್ಕ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮಗಳ ಹೆಗಲು, ಸ್ವರ, ನಡಿಗೆ ನೋಡಿ ಊರಿನವರು ಆಡುವ ಮಾತುಗಳು, ಮದುವೆಯ ಮಾತಿಗೆ ಬಂದವರು ಫೋಟೋ ನೋಡಿ ಕೇಳಿದ ಪ್ರಶ್ನೆಗಳು. ಅದನ್ನೆಲ್ಲ ಇಷ್ಟರವರೆಗೆ ನಗಾಡಿ ಬಿಟ್ಟಿದ್ದ ಹುಡುಗಿ, ಈಗ ಡಾಕ್ಟರೇ ಹುಡುಕಲು ಹೊರಟಿದ್ದಾರೆ ಅಂದರೆ ಏನೋ ಉಂಟು ಎಂದು ಕೂತಿದ್ದಳು. ವ್ಯಾಯಾಮಕ್ಕೆ ಹೋಗುತ್ತಿರಲಿಲ್ಲ. ಇನ್ನು ಬಾರ್ ಮುಟ್ಟುವುದಿಲ್ಲ ಎಂದಿದ್ದಳು. ಆಟದ ಕೋಟಾದಲ್ಲಿ ಒಂದು ಕೆಲಸದ ಮಾತು ನಡೆಯುತ್ತಿತ್ತು, ಅದೂ ಬೇಡವಂತೆ. "ಅವಳು ಗಂಡು ಅಂತ ಇಲ್ಲಿಂದ ಒಂದು ಕಾಗದ ಹೋದ್ರೆ ಮುಗೀತು ಅಣ್ಣೆರೆ. ಅದಕ್ಕೆ ಮೊದಲು ಕೊಟ್ಟುಬಿಡಿ. ನಾನು ಹೊಳೆಗೆ ಬಿಡ್ತೇನೆ."

ನಾನು ಸ್ವಭಾವತಃ ಸಮಾಧಾನ ಹೇಳುವವನಲ್ಲ, ಹೇಳಿಸಿಕೊಳ್ಳುವವ. ಆದರೆ ದೊಡ್ಡ ಡಾಕ್ಟರ ದಪ್ಪ ಕಾಗದ ನೆನಪಾಯಿತು. ಮೊದಲು ಮಲಗಿಸು, ಸುಮ್ಮನೆ ಬಿಡು. ಸ್ಟೂಲು ಕೊಟ್ಟೆ, ಐರಿನ್ ಬಾಯಿ ಚಹಾ ತಂದರು. ಡಾಕ್ಟರ್ ಆಫ್ರೀನ್ ಬರುವವರೆಗೆ ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, ಜಲಜಕ್ಕ, ನೀವು ನಮ್ಮ ಗಲ್ಲಿಯಲ್ಲಿ ಕೂಗುವಾಗ ಯಾರಿಗೆಲ್ಲ ಕೇಳುತ್ತದೆ?

ಎಲ್ಲರಿಗೂ ಕೇಳುತ್ತದೆ ಎಂದರು, ಇದೆಂಥ ಪ್ರಶ್ನೆ ಎಂಬ ಹಾಗೆ.

ಎಲ್ಲರೂ ತಟ್ಟೆ ಹಿಡಿದು ಬರುತ್ತಾರಾ?

ಇಲ್ಲ. ಕೆಲವು ಮನೆ ತೆರೆಯುತ್ತದೆ, ಕೆಲವು ಇಲ್ಲ. ಕೆಲವರು ಬೂತಾಯಿ ಮೀನಿಗೆ ಮಾತ್ರ ಬರುತ್ತಾರೆ, ಕೆಲವರು ಅಂಜಲ್ ಅಂದರೆ ಮಾತ್ರ.

ಹಾರ್ಮೋನು ಅಂದರೆ ಆ ಕೂಗು ಎಂದೆ. ರಕ್ತದಲ್ಲಿ ಊರಿಡೀ ತಿರುಗುತ್ತದೆ. ರಿಸೆಪ್ಟರ್ ಅಂದರೆ ತೆರೆಯುವ ಬಾಗಿಲು. ಡಾಕ್ಟರು ನೋಡುವುದು ಬಾಗಿಲು ಎಲ್ಲೆಲ್ಲಿ ಉಂಟು ಅಂತ. ಬಾಗಿಲು ನೋಡಿ ಮನೆಯವರ ಹೆಸರು ಹೇಳಲಿಕ್ಕಾಗುವುದಿಲ್ಲ.

ಜಲಜಕ್ಕ ಚಹಾ ಕುಡಿದರು. ನಂಬಿದ ಹಾಗೆ ಕಾಣಲಿಲ್ಲ. ನನ್ನ ಮನೆಯ ಬಾಗಿಲು ಬಂಗುಡೆಗೆ ತೆರೆಯುತ್ತದೆ, ಕಾಣೆ ಮೀನಿಗೆ ತೆರೆಯುವುದಿಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ನನ್ನನ್ನು ಪೂರ್ತಿ ಅಲ್ಲಗಳೆಯಲೂ ಇಲ್ಲ.

ಡಾಕ್ಟರ್ ಆಫ್ರೀನ್ ಬಂದರು, ಎಲ್ಲ ಕೇಳಿದರು. ಆ ಒಂದು ಚೂರು ಹೋದರೆ ಅವರ ಪ್ರಬಂಧಕ್ಕೆ ಎಷ್ಟು ಏಟು ಎಂದು ನನಗೆ ಗೊತ್ತಿತ್ತು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಈ ಪರೀಕ್ಷೆ ಯಾರನ್ನೂ ಗಂಡು ಹೆಣ್ಣು ಅಂತ ಹೇಳುವುದಕ್ಕಲ್ಲ, ಇಲ್ಲಿಂದ ಯಾವ ಕಾಗದವೂ ಯಾರಿಗೂ ಹೋಗುವುದಿಲ್ಲ ಎಂದರು. ಬೇಡ ಅಂದರೆ ಬೇಡ, ಕಾರಣ ಹೇಳಬೇಕಾಗಿಲ್ಲ. ಆದರೆ ಸಹಿ ಹಾಕಿದವಳು ರಕ್ಷಿತಾ, ಅವಳೇ ಬಂದು ಹೇಳಲಿ, ಅಷ್ಟರವರೆಗೆ ಯಾರೂ ಆ ಬ್ಲಾಕನ್ನು ಮುಟ್ಟುವುದಿಲ್ಲ. ಜಲಜಕ್ಕ ಹೋದ ಮೇಲೆ ಡಾಕ್ಟರು ಒಪ್ಪಿಗೆಯ ಹಾಳೆಯನ್ನು ಮತ್ತೆ ತೆಗೆದು ಓದಿದರು. ತನ್ನ ಬಾಯಿಂದ ಬಂದ ಒಂದು ಮಾತು ಒಬ್ಬಳ ಮೊಣಕಾಲನ್ನು ಕಟ್ಟಿಹಾಕಿತಲ್ಲ ಎಂದರು.

ರಕ್ಷಿತಾ ಬರುವ ದಿನ ನಾನು ಬೇಗ ಹೋದೆ. ಊರುಗೋಲು ಹಿಡಿದು ಬರುವವಳು, ನಮ್ಮ ನೆಲವೋ ಕನ್ನಡಿ. ಬಿಸಿನೀರು ಹೊಯ್ದು, ಹಳೆ ಬ್ಲೇಡಿನಿಂದ ಬಾಗಿಲಿನಿಂದ ಮೈಕ್ರೋಸ್ಕೋಪಿನ ಮೇಜಿನವರೆಗೆ ಮೇಣ ಕೆರೆದೆ. ಐರಿನ್ ಬಾಯಿ ಬಂದು ನೋಡಿ, ಇದನ್ನು ನೀವು ಬೀಳುವ ಮೊದಲು ಮಾಡ್ಬಹುದಿತ್ತು ಎಂದು ಹೇಳಿ, ತಾವೂ ಕೂತು ಕೆರೆದರು.

ಹುಡುಗಿ ಅಮ್ಮನ ಜೊತೆ ಬಂದಳು. ಅಗಲ ಹೆಗಲು, ಕಾಲಿಗೆ ಪಟ್ಟಿ. ಕಣ್ಣು ನೆಲದ ಮೇಲೆ. ಡಾಕ್ಟರ್ ಆಫ್ರೀನ್ ಕ್ಷಮೆ ಕೇಳಿ, ನಾನು ಸರಿಯಾಗಿ ಹೇಳಲಿಲ್ಲ, ಬೇಕಾದರೆ ಈಗಲೇ ತೆಗೆದು ಬಿಡ್ತೇವೆ ಎಂದರು. ರಕ್ಷಿತಾ ಒಂದೇ ಕೇಳಿದಳು, ನೋಡ್ಬಹುದಾ?

ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪು ನಮ್ಮಲ್ಲಿತ್ತು. ಡಾಕ್ಟರು ಹೇಳಿದ ಸಂಖ್ಯೆ ಹುಡುಕಿ, ಮೊದಲೇ ಬಣ್ಣ ಹಾಕಿಟ್ಟಿದ್ದ ಅವಳ ಸ್ಲೈಡು ತೆಗೆಯುವಾಗ ಐರಿನ್ ಬಾಯಿ ನನ್ನ ಕಡೆ ನೋಡಿದರು. ನನಗೆ ಅರ್ಥವಾಯಿತು. ನನ್ನದನ್ನೂ ಇಡಿ ಎಂದೆ. ಡಾಕ್ಟರು ಎರಡು ಸ್ಲೈಡಿನ ಸಂಖ್ಯೆಯ ಜಾಗಕ್ಕೆ ಪಟ್ಟಿ ಅಂಟಿಸಿ, ಇದರಲ್ಲಿ ಒಂದು ನಿಮ್ಮದು, ಒಂದು ಒಬ್ಬ ಗಂಡಸಿನದ್ದು, ಅವರ ಒಪ್ಪಿಗೆ ಉಂಟು ಎಂದರು. ಮೊದಲು ಈಸ್ಟ್ರೋಜನಿನ ಬಣ್ಣ.

ರಕ್ಷಿತಾ ಬಹಳ ಹೊತ್ತು ನೋಡಿದಳು. ಇನ್ನೊಂದು ಐಪೀಸಿನಲ್ಲಿ ಕಣ್ಣಿಟ್ಟು ಜಲಜಕ್ಕ. ಕಂದು ಅಂದರೆ ಬಾಗಿಲು, ಅಷ್ಟನ್ನು ಜಲಜಕ್ಕನೇ ಮಗಳಿಗೆ ಹೇಳಿದರು. ಒಂದು ಸ್ಲೈಡಿನಲ್ಲಿ ಬಣ್ಣ ಸ್ವಲ್ಪ ಗಾಢ, ಇನ್ನೊಂದರಲ್ಲಿ ತೆಳು. ಹುಡುಗಿ ಗಾಢವಾದದ್ದನ್ನು ತೋರಿಸಿ, ಸಣ್ಣ ಸ್ವರದಲ್ಲಿ ಹೇಳಿದಳು.

"ಇದು ಸರಿಯಾದ ಹೆಂಗಸಿನದು. ನನ್ನದಲ್ಲ. ನನ್ನದು ಇನ್ನೊಂದು ಇರ್ಬೇಕು. ಆದ್ರೆ ಇರುವುದು ಎರಡೇ ಅಲ್ವಾ... ಹಾಗಾದ್ರೆ ಇದು ಆ ಗಂಡಸಿನದ್ದಾ?"

ಡಾಕ್ಟರು ಪಟ್ಟಿ ತೆಗೆದರು. ಗಾಢವಾದದ್ದು ನನ್ನ ತೊಡೆ.

ಅಮ್ಮ ಮಗಳಿಬ್ಬರೂ ತಿರುಗಿ ನನ್ನನ್ನು ನೋಡಿದರು. ಬೋಳುತಲೆ, ಕನ್ನಡಕ, ಕುಂಟುಕಾಲು. ಏನು ಮಾಡಬೇಕೆಂದು ತಿಳಿಯದೆ ಕೈ ಎತ್ತಿದೆ, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ. ಜಲಜಕ್ಕನಿಗೆ ನಗು ತಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿ ನಕ್ಕರು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅದು ನಗುವಿನದ್ದು ಮಾತ್ರ ಆಗಿರಲಿಲ್ಲ.

ಗಾಢ ತೆಳು ನೋಡಿ ಏನೂ ತೀರ್ಮಾನ ಮಾಡಬೇಡಿ, ಶೇಖರಣ್ಣ ತಮ್ಮದನ್ನು ದಪ್ಪ ಕೊಯ್ದಿದ್ದಾರೆ ಎಂದು ಡಾಕ್ಟರು ಹೇಳಿದರು. ಅದೂ ಸತ್ಯ. ಆಮೇಲೆ ಟೆಸ್ಟೋಸ್ಟೆರಾನಿನ ರಿಸೆಪ್ಟರಿನ ಎರಡು ಸ್ಲೈಡು ಇಟ್ಟರು. ಅಲ್ಲಿಯೂ ಕಂದು, ಇಲ್ಲಿಯೂ ಕಂದು. ರಕ್ಷಿತಾ ಈ ಸಲ ಊಹಿಸಲು ಹೋಗಲಿಲ್ಲ. ಇದು ನಿಮ್ಮದು ಎಂದು ತೋರಿಸಿದ ಮೇಲೆ ಮತ್ತೆ ಕಣ್ಣಿಟ್ಟು, ಸ್ಲೈಡನ್ನು ಮೆಲ್ಲ ಸರಿಸುತ್ತಾ ನೋಡಿದಳು. ಆ ನಾರುಗಳು ಎಷ್ಟು ಚಂದ ಇದ್ದವೆಂದು ನಾನು ಹೇಳಬೇಕು. ತುಂಬಿಕೊಂಡ, ಒತ್ತಾದ ಕೋಣೆಗಳು, ಗೋಡೆ ಬದಿಯಲ್ಲಿ ಸಾಲು ಹಿಡಿದ ಚುಕ್ಕೆಗಳು. ನನ್ನ ಲ್ಯಾಬಿನ ಜೀವಮಾನದಲ್ಲಿ ಅಂಥ ಸ್ನಾಯು ಕೊಯ್ದದ್ದು ಕಡಿಮೆ. ಅವಳೆದುರು ಹೇಳಿದೆ ಕೂಡ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು.

"ಎಷ್ಟು ಎತ್ತಿದ್ದೇನೆ ಇದರಲ್ಲಿ" ಎಂದಳು, ಯಾರಿಗೂ ಅಲ್ಲ. ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಇದನ್ನು ಗಂಡಸಿನ ಹಾರ್ಮೋನ್ ಅಂತ ಯಾಕೆ ಹೇಳ್ತೀರಿ ಡಾಕ್ಟ್ರೇ? ನನ್ನ ಕಾಲಲ್ಲಿ ಹುಟ್ಟಿದಾಗಿಂದ ಉಂಟಲ್ಲ. ಇದು ನಂದೇ."

ಡಾಕ್ಟರ್ ಆಫ್ರೀನ್, ಇನ್ನು ಹೇಳುವುದಿಲ್ಲ ಎಂದರು.

ಚೂರು ಎಂತ ಮಾಡುವುದು ಎಂದು ಕೇಳಿದ್ದಕ್ಕೆ ರಕ್ಷಿತಾ, ಇರಲಿ ಎಂದಳು. ಜಲಜಕ್ಕ ಮಾತ್ರ ಒಂದು ಷರತ್ತು ಹಾಕಿದರು, ಒಂಟಿಯಾಗಿ ಇಡಬೇಡಿ, ಅಣ್ಣೆರದ್ದರ ಪಕ್ಕದಲ್ಲಿ ಇಡಿ. ಬ್ಲಾಕುಗಳನ್ನು ಸಂಖ್ಯೆ ಪ್ರಕಾರ ಇಡುವುದು ನಿಯಮ. ಸ್ಲೈಡುಗಳನ್ನು ಎಲ್ಲಿ ಬೇಕಾದರೂ ಇಡಬಹುದು. ಪಕ್ಕದಲ್ಲೇ ಇಟ್ಟೆ.

ನನ್ನ ಕಾಲದಲ್ಲಿ ಕೆಲಸದ ಪದ್ಧತಿ ಎಷ್ಟೋ ಬದಲಾಯಿತು. ಮಸೆಯುವ ಕತ್ತಿ ಹೋಗಿ ಎಸೆಯುವ ಬ್ಲೇಡು ಬಂತು, ಮೊಟ್ಟೆ ಹೋಯಿತು, ನಾನು ಹೊರಡುವ ಹೊತ್ತಿಗೆ ಕುಕ್ಕರೂ ಹೋಗಿ ತನ್ನಷ್ಟಕ್ಕೆ ಬಣ್ಣ ಹಾಕುವ ಯಂತ್ರ ಬಂತು. ಅವೆಲ್ಲ ಕಂಪೆನಿಯವರು ತಂದ ಬದಲಾವಣೆ. ಅವತ್ತಿನಿಂದ ನಮ್ಮ ಡಾಕ್ಟರು ವಾರ್ಡಿನಲ್ಲಿ ಒಪ್ಪಿಗೆ ಕೇಳುವಾಗ, ನಿಮ್ಮ ಸ್ನಾಯುವಿನಲ್ಲಿ ಎಲ್ಲರಲ್ಲೂ ಇರುವ ಎರಡು ಹಾರ್ಮೋನಿನ ಬಾಗಿಲುಗಳನ್ನು ನೋಡ್ತೇವೆ ಎಂದು ಹೇಳತೊಡಗಿದರು. ಅದು ಒಬ್ಬ ರೋಗಿ ತಂದ ಬದಲಾವಣೆ. ಲ್ಯಾಬಿನವರು ಎಷ್ಟೋ ಸಲ ರೋಗಿಯ ಮುಖವನ್ನೇ ನೋಡುವುದಿಲ್ಲ, ಚೂರನ್ನು ಮಾತ್ರ ನೋಡುತ್ತೇವೆ. ಹೊಸಬರೇ, ಆ ಚೂರನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ಸುಮ್ಮನೆ ಬಿಡಿ.

ಈಗ ನಾನು ಮನೆಯಲ್ಲಿರುತ್ತೇನೆ. ಇವತ್ತು ಇದನ್ನು ಬರೆಯುತ್ತಿರುವಾಗ ಗಲ್ಲಿಯಲ್ಲಿ ಜಲಜಕ್ಕನ ಕೂಗು ಕೇಳಿತು. ಎದ್ದೆ. ಏಳುವುದೆಂದರೆ ನನಗೆ ಈಗ ದೊಡ್ಡ ಕೆಲಸ, ಮೇಜು ಹಿಡಿದು ಮೆಲ್ಲ ಏಳಬೇಕು. ಹೋಗುವಷ್ಟರಲ್ಲಿ ಅವರು ಬುಟ್ಟಿ ಇಳಿಸಿ ಕೂತಿದ್ದರು, ಪಕ್ಕದ ಮನೆಯವರೆಲ್ಲ ಸುತ್ತ ನಿಂತಿದ್ದರು.

"ಸರಿಯಾದ ಹೆಂಗಸು ಬಂದ್ರು" ಎಂದರು ಜಲಜಕ್ಕ, ಎಲ್ಲರಿಗೂ ಕೇಳುವ ಹಾಗೆ. "ಬದಿಗೆ ನಿಲ್ಲಿ, ಅವರಿಗೆ ಒಳ್ಳೆ ಬಂಗುಡೆ ಉಂಟು."

ತಟ್ಟೆಗೆ ಹಾಕುತ್ತಾ ಸ್ವರ ತಗ್ಗಿಸಿ ಹೇಳಿದರು. ರಕ್ಷಿತಾ ಆಪರೇಷನ್ ಆದ ಮೇಲೆ ಮೊದಲ ಸಲ ನಿನ್ನೆ ಜಿಮ್ಮಿಗೆ ಹೋದಳಂತೆ. ತೂಕ ಹಾಕಲಿಲ್ಲ. ಬರೀ ಬಾರನ್ನು ಹೆಗಲ ಮೇಲಿಟ್ಟು ಕೂತು, ಎದ್ದು, ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡಳಂತೆ.

ನಾನು ಮೆಟ್ಟಿಲು ಹತ್ತಿದೆ. ಕೂಗು ಮುಂದಿನ ಗಲ್ಲಿಗೆ ತಿರುಗಿತ್ತು. ನನ್ನ ತೊಡೆಯೊಳಗೆ ಒಂದೊಂದು ಮೆಟ್ಟಿಲಿಗೂ ಎಷ್ಟು ಬಾಗಿಲುಗಳು ತೆರೆಯುತ್ತಿದ್ದವೋ ಏನೋ, ಒಂದರ ಸದ್ದೂ ನನಗೆ ಕೇಳಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡಿಕೊಂಡು ಹತ್ತಿದೆ.